ಮಾತನಾಡುವ ದೀಪ, ನೋಡುವ ದೀಪ

ಪಡಸಾಲೆಯಲ್ಲಿ ಒರಗಿ ಕುಳಿತು, ದೂರದರ್ಶನದ ಪೆಟ್ಟಿಗೆಯತ್ತ ಕೈನೀಡಿ, ರಿಮೋಟಿನ ಗುಂಡಿಯನ್ನು ಒತ್ತಿ ಧ್ವನಿಯನ್ನು ತಗ್ಗಿಸುವ ಗೃಹಸ್ಥನು, ತಾನು ಆ ಕ್ಷಣದಲ್ಲಿ ಒಂದು ದೀಪವನ್ನು ಸೆಕೆಂಡಿಗೆ ಸುಮಾರು ೩೮,೦೦೦ ಸಲದ ವೇಗದಲ್ಲಿ ಹೊತ್ತಿಸಿ ಆರಿಸಿದೆನೆಂಬುದನ್ನು ಅರಿಯನು. ಆ ದೀಪವು ಕೆಂಪಿನಾಚೆಯ ಅವಕೆಂಪು ಬೆಳಕನ್ನು, ಎಂದರೆ ಸುಮಾರು ೯೪೦ ನ್ಯಾನೋಮೀಟರ್ ತರಂಗಾಂತರದ ಬೆಳಕನ್ನು, ಸೂಸುವುದರಿಂದ ನಮ್ಮ ಕಣ್ಣಿಗೆ ಅಗೋಚರ. ಆದರೆ ರಿಮೋಟಿನ ಮೂತಿಯನ್ನು ಮೊಬೈಲ್ ಫೋನಿನ ಕ್ಯಾಮೆರಾಕ್ಕೆ ಎದುರಾಗಿ ಹಿಡಿದು ಗುಂಡಿಯನ್ನೊತ್ತಿದರೆ, ಅನೇಕ ಫೋನುಗಳ ಪರದೆಯ ಮೇಲೆ ನಸುನೇರಿಳೆಯ ಮಿಣುಕೊಂದು ಕಾಣಿಸಿಕೊಂಡು, ನಮಗೆ ಕಾಣದ ಸಂಭಾಷಣೆಯೊಂದು ನಮ್ಮ ಮನೆಯಲ್ಲಿಯೇ ದಿನವೂ ನಡೆಯುತ್ತಿರುವುದಕ್ಕೆ ಸಾಕ್ಷಿ ನುಡಿಯುವುದು.

ಈ ಪುಟ್ಟ ಸಂಭಾಷಣೆಗೂ ವ್ಯಾಕರಣವುಂಟು. ಬಹುವಾಗಿ ಬಳಕೆಯಲ್ಲಿರುವ ಒಂದು ಸಂಕೇತಪದ್ಧತಿಯಲ್ಲಿ, ದೀಪವು ೫೬೦ ಮೈಕ್ರೋಸೆಕೆಂಡುಗಳ ಕಾಲ ಮಿಡಿದು ಅಷ್ಟೇ ಕಾಲ ಸುಮ್ಮನಿದ್ದರೆ ಅದು ಸೊನ್ನೆ. ಮಿಡಿದ ಮೇಲೆ ಅದರ ಮೂರರಷ್ಟು ಕಾಲ ಸುಮ್ಮನಿದ್ದರೆ ಅದು ಒಂದು. ಅರ್ಥವೆಲ್ಲ ಮಿಡಿತಗಳ ನಡುವಣ ಮೌನದ ಉದ್ದದಲ್ಲಿ ಅಡಗಿದೆ. ಈ ಮೌನವನ್ನು ಅಳೆಯುವ ಕಣ್ಣು ದೂರದರ್ಶನದ ಪೆಟ್ಟಿಗೆಯ ಅಂಚಿನಲ್ಲಿ ಹುದುಗಿರುವ, ಮೂರು ಕಾಲುಗಳುಳ್ಳ, ಕಡಲೆಕಾಳಿನಷ್ಟು ದೊಡ್ಡದಾದ ಕಪ್ಪು ವಸ್ತು. ಅದರ ಉದರದಲ್ಲಿ ಬೆಳಕನ್ನು ವಿದ್ಯುತ್ತಾಗಿಸುವ ಫೋಟೋಡಯೋಡೊಂದು, ಆ ಕ್ಷೀಣ ವಿದ್ಯುತ್ತನ್ನು ಹಿಗ್ಗಿಸುವ ವರ್ಧಕವೊಂದು, ಮೂವತ್ತೆಂಟು ಸಾವಿರದ ಮಿಡಿತವನ್ನುಳಿದು ಮಿಕ್ಕ ಬೆಳಕನ್ನೆಲ್ಲ ಸೋಸಿ ಬಿಸಾಡುವ ಜರಡಿಯೊಂದು ಕೂಡಿಕೊಂಡಿವೆ. ಆದರೆ ಅದನ್ನು ಬಳಸುವವನು ಇವೊಂದನ್ನೂ ಬಲ್ಲವನಾಗಬೇಕಾಗಿಲ್ಲ. ಒಂದು ಕಾಲಿಗೆ ವಿದ್ಯುತ್ತು, ಒಂದು ಕಾಲಿಗೆ ನೆಲ, ಒಂದು ಕಾಲಿನಿಂದ ವಾರ್ತೆ: ಇಷ್ಟನ್ನು ತಿಳಿದರೆ ಸಾಕು, ಹತ್ತಾರು ರೂಪಾಯಿಗಳಿಗೇ ಬೆಳಕಿನ ಭಾಷೆಯನ್ನು ಕೇಳಬಲ್ಲ ಕಿವಿಯೊಂದು ಅವನ ವಶವಾಗುವುದು.

ಇಲ್ಲಿ ಒಂದು ಸಹಜವಾದ ಪ್ರಶ್ನೆ ಏಳುತ್ತದೆ. ಪಡಸಾಲೆಯ ಅಗಲವನ್ನು ಇಷ್ಟು ಅಗ್ಗವಾಗಿ ದಾಟಬಲ್ಲ ಬೆಳಕು, ಒಂದು ಮಾಳಿಗೆಯಿಂದ ಇನ್ನೊಂದು ಮಾಳಿಗೆಗೆ ವಾರ್ತೆಯನ್ನು ಒಯ್ಯಬೇಕೆಂದಾಗ ಬಹುಕಾಲ ಲಕ್ಷಗಟ್ಟಲೆ ರೂಪಾಯಿಯ ಯಂತ್ರವನ್ನು ಬೇಡಿದುದೇಕೆ? ಈ ವೆಚ್ಚವನ್ನು ಸಾಮಾನ್ಯರ ಕೈಗೆಟುಕುವಂತೆ ಇಳಿಸಿದವರು ಯಾವ ಉಪಾಯದಿಂದ ಇಳಿಸಿದರು?

ಬೆಳಕಿನಿಂದ ವಾರ್ತೆಯನ್ನು ಕಳುಹುವ ಕಲೆ ಹೊಸದಲ್ಲ. ೧೮೬೯ರಲ್ಲಿ, ಪರ್ಷಿಯಾ ಕೊಲ್ಲಿಯ ತಂತಿ ಇಲಾಖೆಯ ಸೇವೆಯಲ್ಲಿ ಕರಾಚಿಯಲ್ಲಿದ್ದ ಹೆನ್ರಿ ಮ್ಯಾನ್ಸ್ ಎಂಬಾತನು, ಸೂರ್ಯನ ಬೆಳಕನ್ನು ಕನ್ನಡಿಯೊಂದರಿಂದ ದೂರದ ಬೆಟ್ಟಕ್ಕೆ ಹಾಯಿಸಿ, ಕನ್ನಡಿಯನ್ನು ಒಂದು ಕೀಲಿಯಿಂದ ಮೆಲ್ಲನೆ ಓರೆಮಾಡುತ್ತ ಮಿಂಚಿನ ಅಕ್ಷರಗಳನ್ನು ಬರೆಯುವ ಹೀಲಿಯೋಗ್ರಾಫನ್ನು ನಿರ್ಮಿಸಿದನು. ತಿಳಿಯಾದ ಆಕಾಶವಿದ್ದರೆ ಐವತ್ತು ಕಿಲೋಮೀಟರಿನಾಚೆಗೂ ಈ ಮಿಂಚು ಕಾಣುತ್ತಿತ್ತು. ಅದರಲ್ಲಿ ಬೆಳಕು ಪುಕ್ಕಟೆ, ಕನ್ನಡಿ ಅಗ್ಗ, ಗ್ರಾಹಕ ಯಂತ್ರವಂತೂ ಎದುರು ಬೆಟ್ಟದ ಮೇಲೆ ಕಣ್ಣನ್ನು ಕಿರಿದುಗೊಳಿಸಿ ನಿಂತಿರುವ ಸಿಪಾಯಿ. ಆದುದರಿಂದ ವಾರ್ತೆಯ ವೇಗವು ಒಬ್ಬನ ಕೈಯ ವೇಗವನ್ನೂ ಇನ್ನೊಬ್ಬನ ಕಣ್ಣಿನ ವೇಗವನ್ನೂ ಮೀರುವಂತಿರಲಿಲ್ಲ.

ಆ ಸಿಪಾಯಿಯ ಕಣ್ಣಿನ ಸ್ಥಾನದಲ್ಲಿ ಯಂತ್ರದ ಕಣ್ಣನ್ನು ನಿಲ್ಲಿಸಲು ಯತ್ನಿಸಿದವರು, ದೂರವಾಣಿಯಿಂದ ಜಗತ್ಪ್ರಸಿದ್ಧನಾದ ಅಲೆಕ್ಸಾಂಡರ್ ಗ್ರಹಾಂ ಬೆಲ್ ಮತ್ತು ಅವನ ಸಹಾಯಕ ಚಾರ್ಲ್ಸ್ ಸಮ್ನರ್ ಟೇಂಟರ್. ೧೮೮೦ರಲ್ಲಿ ವಾಷಿಂಗ್ಟನ್ ನಗರದ ಶಾಲೆಯೊಂದರ ಮಾಳಿಗೆಯಿಂದ ಟೇಂಟರನು ಮಾತನಾಡಿದನು. ಅವನ ಧ್ವನಿಯು ತೆಳುವಾದ ಕನ್ನಡಿಯನ್ನು ನಡುಗಿಸಿ, ಆ ಕನ್ನಡಿಯು ಸೂರ್ಯನ ಬೆಳಕನ್ನು ನಡುಗಿಸಿ, ೨೧೩ ಮೀಟರ್ ಆಚೆಗಿದ್ದ ಪ್ರಯೋಗಶಾಲೆಯ ಕಿಟಕಿಯಲ್ಲಿ ಪರವಲಯಾಕಾರದ ದರ್ಪಣದ ನಾಭಿಯಲ್ಲಿಟ್ಟಿದ್ದ ಸೆಲೆನಿಯಮ್ ಕೋಶವು ಆ ನಡುಕವನ್ನು ವಿದ್ಯುತ್ತಾಗಿ ಮಾರ್ಪಡಿಸಲು, ಬೆಲ್ಲನು ಅದನ್ನು ಕಿವಿಯಲ್ಲಿ ಮಾತಾಗಿ ಕೇಳಿದನು. ದೂರವಾಣಿಗಿಂತಲೂ ಈ ಫೋಟೋಫೋನೇ ತನ್ನ ಹಿರಿದಾದ ಸೃಷ್ಟಿಯೆಂದು ಅವನು ಭಾವಿಸಿದನು. ಆದರೂ ಅದು ಪ್ರಯೋಗಶಾಲೆಯ ವಿಸ್ಮಯವಾಗಿಯೇ ಉಳಿಯಿತು. ಏಕೆಂದರೆ ಸೆಲೆನಿಯಮಿನ ಕಣ್ಣು ಮಂದಗತಿಯದು, ಅದರ ಕ್ಷೀಣ ವಿದ್ಯುತ್ತನ್ನು ಹಿಗ್ಗಿಸಬಲ್ಲ ವರ್ಧಕವು ಆ ಕಾಲದಲ್ಲಿ ಇರಲಿಲ್ಲ, ಮೋಡ ಮುಸುಕಿದರೆ ದೀಪವೂ ಇರಲಿಲ್ಲ.

ಬೆಳಕಿನ ಸಂವಹನದ ಕಷ್ಟವು ನಿಜವಾಗಿ ಎಲ್ಲಿದೆಯೆಂಬುದನ್ನು ತಿಳಿಯಲು ಒಂದು ಸಣ್ಣ ಲೆಕ್ಕವನ್ನು ಮಾಡಿನೋಡಬಹುದು. ಇಂದಿನ ಸಾಮಾನ್ಯ ಫೋಟೋಡಯೋಡಿನ ಕಣ್ಣುಗುಡ್ಡೆಯ ವಿಸ್ತಾರ ಒಂದು ಚದರ ಮಿಲಿಮೀಟರ್. ದೂರದ ದೀಪದಿಂದ ಅದರ ಮೇಲೆ ಒಂದು ವ್ಯಾಟಿನ ದಶಲಕ್ಷದಲ್ಲೊಂದು ಭಾಗ ಬೆಳಕು ಬಿದ್ದರೆ, ಅದು ಹೊರಡಿಸುವ ವಿದ್ಯುತ್ತು ಸುಮಾರು ಆಂಪಿಯರಿನ ದಶಲಕ್ಷದಲ್ಲಿ ಅರ್ಧ ಭಾಗ. ನಡುಹಗಲಿನ ಸೂರ್ಯನು ಅದೇ ಗುಡ್ಡೆಯ ಮೇಲೆ ನೇರವಾಗಿ ಬಿದ್ದರೆ ಸುರಿಯುವ ಬೆಳಕು ಇದರ ಸಾವಿರದಷ್ಟು. ಜಾತ್ರೆಯ ನಗಾರಿಯ ಪಕ್ಕದಲ್ಲಿ ನಿಂತು, ಮೈದಾನದ ಆಚೆಯಂಚಿನಲ್ಲಿರುವವನ ಪಿಸುಮಾತನ್ನು ಕೇಳಿಸಿಕೊಳ್ಳಬೇಕಾದವನ ಪಾಡು ಈ ಕಣ್ಣಿನದು. ಇದಕ್ಕೆ ಪರಿಹಾರಗಳು ಮೂರು. ಮೊದಲನೆಯದು, ಕಣ್ಣನ್ನು ಉದ್ದನೆಯ ಕೊಳವೆಯೊಳಗಿರಿಸಿ, ಎದುರಿನ ದೀಪವನ್ನುಳಿದು ಬೇರೇನೂ ಕಾಣದಂತೆ ಮಾಡುವುದು. ಎರಡನೆಯದು, ಮುಂದೆ ದೊಡ್ಡ ಮಸೂರವೊಂದನ್ನು ನಿಲ್ಲಿಸಿ, ಅಂಗೈಯಗಲದ ಬೆಳಕನ್ನು ಗುಂಡುಸೂಜಿಯ ತಲೆಯಷ್ಟಕ್ಕೆ ಕೂಡಿಸುವುದು. ಮೂರನೆಯದು, ಸೂರ್ಯನು ಮಿಡಿಯುವುದಿಲ್ಲ, ನಮ್ಮ ದೀಪವು ಮಿಡಿಯುತ್ತದೆ ಎಂಬ ಭೇದವನ್ನು ಹಿಡಿದು, ಸ್ಥಿರವಾದ ಬೆಳಕನ್ನೆಲ್ಲ ಕಳೆದು, ಚಂಚಲವಾದುದನ್ನು ಮಾತ್ರ ಹಿಗ್ಗಿಸುವುದು.

ಇವುಗಳೊಡನೆ ಗುರಿಹಿಡಿಯುವ ಕಷ್ಟವೂ ಸೇರುತ್ತದೆ. ದೀಪದ ಬೆಳಕು ಹರಡಿದಷ್ಟೂ ದೂರದಲ್ಲಿ ಅದು ತೆಳುವಾಗುವುದರಿಂದ ಅದನ್ನು ಮಸೂರದಿಂದ ಕಿರಿದಾದ ದಂಡವಾಗಿ ಕಟ್ಟಬೇಕು. ಆದರೆ ಸಾವಿರಕ್ಕೆ ಒಂದರ ಪ್ರಮಾಣದಲ್ಲಿ ಮಾತ್ರ ಹರಡುವ ದಂಡವು ಒಂದು ಕಿಲೋಮೀಟರ್ ದೂರದಲ್ಲಿ ಒಂದೇ ಮೀಟರಿನ ಅಗಲವಾಗುವುದರಿಂದ, ಕೊಳವೆಯ ಬುಡವು ಕೂದಲೆಳೆಯಷ್ಟು ಕದಲಿದರೂ ತುದಿಯು ಎದುರಿನ ಮನೆಯನ್ನೇ ತಪ್ಪಿಸಿ ಹೋಗುವುದು. ಬಿಸಿಲಿಗೆ ಹಿಗ್ಗುವ ಗೋಡೆ, ಗಾಳಿಗೆ ತೂಗುವ ಕಂಬ ಇವೆರಡೂ ಈ ದಂಡದ ವೈರಿಗಳು. ದೊಡ್ಡ ಸಂಸ್ಥೆಗಳು ತಾವಾಗಿಯೇ ತಿರುಗಿ ಗುರಿಯನ್ನು ಹಿಡಿಯುವ ದರ್ಪಣಗಳನ್ನೂ, ಮೋಟರುಗಳನ್ನೂ, ಲೇಸರುಗಳನ್ನೂ ಕಟ್ಟಿದವು. ಬೆಳಕಿಗಿಂತ ಈ ನಿಖರತೆಗೇ ಜನರು ಹಣ ತೆರುತ್ತಿದ್ದುದು.

ಈ ಬೆಲೆಯನ್ನು ಒಪ್ಪದ ಒಬ್ಬನು ಚೆಕ್ ದೇಶದಲ್ಲಿದ್ದನು. ಕರೆಲ್ ಕುಲ್ಹವಿ ಎಂಬ ಹೆಸರಿನ ಆ ತರುಣನು ೨೦೦೧ರ ಸುಮಾರಿಗೆ, ಮನೆಯಿಂದ ಮನೆಗೆ ಗಣಕಜಾಲವನ್ನು ಬೆಳಕಿನಿಂದ ಕಟ್ಟುವ ರೋಣ್ಯಾ ಎಂಬ ಸಾಧನವನ್ನು ರೂಪಿಸಿ, ಅದರ ಪ್ರತಿಯೊಂದು ನಕ್ಷೆಯನ್ನೂ, ಅಳತೆಯನ್ನೂ, ಬೆಸುಗೆಯ ಕ್ರಮವನ್ನೂ ಯಾರು ಬೇಕಾದರೂ ನಕಲು ಮಾಡಿ ತಿದ್ದಿ ಹಂಚಬಹುದಾದ ಮುಕ್ತ ಪರವಾನಗಿಯಲ್ಲಿ ಪ್ರಕಟಿಸಿದನು. ಅದರ ದೀಪವು ಮೋಟಾರು ಗಾಡಿಗಳ ಹಿಂದೀಪಕ್ಕಾಗಿ ತಯಾರಾಗುತ್ತಿದ್ದ ಕೆಂಪು ಎಲ್‌ಇಡಿ. ಅದರ ಮಸೂರವು ಸಣ್ಣಕ್ಷರವನ್ನೋದಲು ಹಿರಿಯರು ಹಿಡಿಯುವ ಭೂತಗನ್ನಡಿಯ ಜಾತಿಯ, ೧೩೦ ಮಿಲಿಮೀಟರ್ ವ್ಯಾಸದ ಗಾಜು. ಅದರ ದೇಹವು ತಗಡಿನ ಕೊಳವೆ. ಜೋಡಿ ಕೊಳವೆಗಳಲ್ಲಿ ಒಂದು ಮಾತನಾಡುತ್ತದೆ, ಇನ್ನೊಂದು ಕೇಳುತ್ತದೆ. ಗ್ರಾಹಕದ ಸೂಕ್ಷ್ಮಭಾಗಗಳನ್ನು ಮುದ್ರಿತ ಹಲಗೆಯ ಮೇಲೆ ಕೂಡಿಸದೆ, ಒಂದರ ಕಾಲನ್ನು ಇನ್ನೊಂದಕ್ಕೆ ಗಾಳಿಯಲ್ಲಿಯೇ ಬೆಸೆದು ಹಕ್ಕಿಯ ಗೂಡಿನಂತೆ ಹೆಣೆಯುವ ಪದ್ಧತಿಯನ್ನು ಅವನು ಆರಿಸಿಕೊಂಡನು. ಗುರಿಹಿಡಿಯುವುದಕ್ಕೆ ಮೋಟರುಗಳಿರಲಿಲ್ಲ; ಒಬ್ಬನು ತಿರುಪುಗಳನ್ನು ತಿರುಗಿಸುತ್ತ, ಬಂದ ಬೆಳಕಿನ ಬಲವನ್ನು ಸಾಧಾರಣ ಮಲ್ಟಿಮೀಟರಿನ ಮುಳ್ಳು ಏರಿಳಿಯುವುದರಿಂದ ಅಳೆದು, ಅತ್ಯುಚ್ಚ ಸ್ಥಾನದಲ್ಲಿ ಬಿಗಿಯಬೇಕಿತ್ತು. ಇಂತಹ ಸಾಮಗ್ರಿಯಿಂದ ಕಟ್ಟಿದ ಆ ಯಂತ್ರವು ೧.೪ ಕಿಲೋಮೀಟರ್ ದೂರದವರೆಗೆ, ಎರಡೂ ದಿಕ್ಕಿನಲ್ಲಿ ಏಕಕಾಲದಲ್ಲಿ, ಸೆಕೆಂಡಿಗೆ ಒಂದು ಕೋಟಿ ಬಿಟ್ಟುಗಳನ್ನು ಸಾಗಿಸುತ್ತಿತ್ತು.

ಬೆಲೆಯು ಇಳಿದುದು ಅಗ್ಗದ ವಸ್ತುವಿನಿಂದ ಮಾತ್ರವೆಂದು ಭಾವಿಸಿದರೆ ನಾವು ಅರ್ಧವನ್ನಷ್ಟೆ ಕಂಡಂತಾಯಿತು. ಇತರ ಕೈಗಾರಿಕೆಗಳು ತಮ್ಮ ತಮ್ಮ ಪ್ರಯೋಜನಕ್ಕಾಗಿ ಕೋಟಿಗಟ್ಟಲೆ ತಯಾರಿಸಿ ಅಗ್ಗವಾಗಿಸಿದ್ದ ಭಾಗಗಳನ್ನು ಅವನು ಕಡ ತಂದನು. ಯಂತ್ರದ ನಿಖರತೆಯ ಬದಲು ಮನುಷ್ಯನ ತಾಳ್ಮೆಯನ್ನು ವ್ಯಯಮಾಡಿದನು. ಪ್ರತಿಯೊಂದು ಭಾಗದ ಕೆಲಸವನ್ನೂ ಬಿಡಿಸಿ ಬರೆದುದರಿಂದ, ಕೆಟ್ಟುದನ್ನು ಕಳಚಿ ಒಳ್ಳೆಯದನ್ನು ತೊಡಿಸುವ ಸ್ವಾತಂತ್ರ್ಯವನ್ನು ಬಳಸುವವನಿಗೆ ಒಪ್ಪಿಸಿದನು. ಈ ಕೊನೆಯ ಗುಣವನ್ನೇ ಇಂದಿನವರು ಮಾಡ್ಯುಲಾರಿಟಿ ಎನ್ನುತ್ತಾರೆ; ನಾವು ಅದನ್ನು ಬಿಡಿಜೋಡಣೆಯ ಧರ್ಮವೆಂದು ಕರೆಯಬಹುದು.

ಈ ಧರ್ಮವು ನಮ್ಮ ಹಿತ್ತಿಲಿಗೆ ಹೊಸದಲ್ಲ. ಬಾವಿಯ ರಾಟೆ, ಹಗ್ಗ, ಕೊಡ ಇವು ಮೂರೂ ಬೇರೆಬೇರೆ ಕಸುಬುದಾರರ ಕೈಯಿಂದ ಬಂದವು: ಒಂದು ಬಡಗಿಯದೋ ಕಮ್ಮಾರನದೋ, ಒಂದು ನಾರನ್ನು ಹೊಸೆಯುವವನದು, ಒಂದು ಕಂಚುಗಾರನದು. ಹಗ್ಗ ಸವೆದರೆ ಹಗ್ಗವನ್ನು ಬದಲಿಸುವೆವಲ್ಲದೆ ಬಾವಿಯನ್ನು ಬಿಡುವುದಿಲ್ಲ. ರಾಟೆಯ ತೋಡಿಗೆ ಹಗ್ಗದ ದಪ್ಪ ಹೊಂದಬೇಕು, ಕೊಡದ ಕಂಠಕ್ಕೆ ಕುಣಿಕೆ ಹೊಂದಬೇಕು ಎಂಬ ಎರಡು ಒಪ್ಪಂದಗಳನ್ನುಳಿದು, ಒಬ್ಬರ ಗುಟ್ಟು ಇನ್ನೊಬ್ಬರಿಗೆ ಬೇಡ. ಇದಕ್ಕಿಂತಲೂ ವಿಶೇಷವಾದುದೊಂದುಂಟು. ಬೇಸಗೆಯಲ್ಲಿ ಬಾವಿಯ ನೀರು ಎಷ್ಟು ಇಳಿದಿದೆಯೆಂದು ತಿಳಿಯಬೇಕಾದವನು ಕೊಡವನ್ನು ಬಿಚ್ಚಿ ಒಂದು ಕಲ್ಲನ್ನು ಕಟ್ಟಿ ಇಳಿಬಿಡುತ್ತಾನೆ. ನೀರನ್ನು ತರುತ್ತಿದ್ದ ಅದೇ ರಾಟೆ, ಅದೇ ಹಗ್ಗ ಈಗ ನೀರಿನ ವಿಷಯವನ್ನು ತರುತ್ತವೆ. ತರುವುದಕ್ಕೂ ಅಳೆಯುವುದಕ್ಕೂ ನಡುವೆ ಇರುವ ಅಂತರ ಹಗ್ಗದ ತುದಿಯಲ್ಲಿ ಕಟ್ಟಿದ ವಸ್ತುವಿನದು ಮಾತ್ರ.

ಬೆಳಕಿನ ಸರಪಣಿಯನ್ನು ಇದೇ ರೀತಿಯಲ್ಲಿ ಬಿಡಿಸಿದರೆ ದೀಪ, ದೀಪವನ್ನು ಮಿಡಿಸುವ ಚಾಲಕ, ಮಸೂರ, ಕಣ್ಣು, ವರ್ಧಕ, ಕೊನೆಗೆ ಕಾಲವನ್ನು ಎಣಿಸಿ ಅರ್ಥವನ್ನು ಕಟ್ಟುವ ಪುಟ್ಟ ಗಣಕ ಎಂಬ ಆರು ಕೊಂಡಿಗಳು ದೊರೆಯುತ್ತವೆ. ಇವುಗಳಲ್ಲಿ ಬಹುಕಾಲ ದುರ್ಲಭವಾಗಿದ್ದುದು ಕೊನೆಯ ಕೊಂಡಿ. ಸ್ಪೇನಿನ ಮ್ಯಾಡ್ರಿಡ್ ನಗರದ ಇಮ್ಡಿಯಾ ನೆಟ್‌ವರ್ಕ್ಸ್ ಸಂಶೋಧನ ಸಂಸ್ಥೆಯಲ್ಲಿ ರೂಪುಗೊಂಡ ಓಪನ್ ವಿಎಲ್‌ಸಿ ಎಂಬ ಮುಕ್ತ ಸಾಧನವು ಆ ದಾರಿದ್ರ್ಯವನ್ನು ನೀಗಿತು. ಅಂಗೈಯಲ್ಲಿ ಹಿಡಿಸುವ ಬೀಗಲ್‌ಬೋನ್ ಬ್ಲ್ಯಾಕ್ ಎಂಬ ಅಗ್ಗದ ಗಣಕಹಲಗೆಯ ಬೆನ್ನಿನ ಮೇಲೆ, ದೀಪವನ್ನೂ ಕಣ್ಣನ್ನೂ ಹೊತ್ತ ಇನ್ನೊಂದು ಹಲಗೆಯನ್ನು ಕೂಡಿಸಿದರೆ ಯಂತ್ರವು ಸಿದ್ಧ. ಆ ಗಣಕದೊಳಗೆ, ಮುಖ್ಯ ಮೆದುಳಿನ ಹೊರತಾಗಿ, ಬೇರಾವ ಕೆಲಸಕ್ಕೂ ತಲೆಹಾಕದೆ ಪ್ರತಿ ಐದು ನ್ಯಾನೋಸೆಕೆಂಡಿಗೊಮ್ಮೆ ತಪ್ಪದೆ ಹೆಜ್ಜೆಯಿಡುವ ಎರಡು ಕಿರುಮೆದುಳುಗಳಿವೆ; ಮಿಡಿತವನ್ನು ಎಣಿಸುವ ಕಾಯಕವನ್ನು ಇವಕ್ಕೆ ಒಪ್ಪಿಸಿದುದರಿಂದ, ಅದರ ೧.೩ನೆಯ ಆವೃತ್ತಿಯು ನಾಲ್ಕು ಮೀಟರ್ ದೂರದವರೆಗೆ ಸೆಕೆಂಡಿಗೆ ನಾಲ್ಕು ಲಕ್ಷ ಬಿಟ್ಟುಗಳನ್ನು ಸಾಗಿಸುವಂತಾಯಿತು.

ಈ ವೇಗವನ್ನು ಕಂಡು ನಗುವವರಿರಬಹುದು. ಎಡಿನ್‌ಬರೋದಲ್ಲಿದ್ದ ಹೆರಾಲ್ಡ್ ಹಾಸ್ ೨೦೧೧ರಲ್ಲಿ ಲೈ-ಫೈ ಎಂದು ನಾಮಕರಣ ಮಾಡಿದ ವಿದ್ಯೆಯು ಇದರ ಸಹಸ್ರಪಾಲು ವೇಗವನ್ನು ಪ್ರಯೋಗಶಾಲೆಗಳಲ್ಲಿ ಮುಟ್ಟಿದೆ, ೨೦೨೩ರಲ್ಲಿ ಅದಕ್ಕೆ ಅಂತರರಾಷ್ಟ್ರೀಯ ಮಾನಕವೂ ಸಿದ್ಧವಾಗಿದೆ. ಆದರೆ ಓಪನ್ ವಿಎಲ್‌ಸಿಯ ಪ್ರಯೋಜನವು ವೇಗದಲ್ಲಿಲ್ಲ. ಕಣ್ಣನ್ನು ಬದಲಿಸಬೇಕೆಂಬ ವಿದ್ಯಾರ್ಥಿ ಕಣ್ಣನ್ನಷ್ಟೆ ಬದಲಿಸಬಹುದು, ಭಾಷೆಯನ್ನು ತಿದ್ದಬೇಕೆಂಬವನು ಹಲಗೆಯನ್ನು ಮುಟ್ಟದೆ ಕ್ರಮವಿಧಿಯನ್ನಷ್ಟೆ ತಿದ್ದಬಹುದು. ಅದರಲ್ಲಿ ಬಳಕೆಯಾಗುವ ಮ್ಯಾಂಚೆಸ್ಟರ್ ಸಂಕೇತವನ್ನೇ ನೋಡಿರಿ: ಒಂದನ್ನು ಹೇಳಬೇಕಾದಾಗ ಬೆಳಕಿನಿಂದ ಕತ್ತಲೆಗೆ, ಸೊನ್ನೆಯನ್ನು ಹೇಳಬೇಕಾದಾಗ ಕತ್ತಲೆಯಿಂದ ಬೆಳಕಿಗೆ ದೀಪವು ಹೊರಳುವುದೆಂದು ಕಟ್ಟಳೆ ಮಾಡಿಕೊಂಡರೆ, ವಾರ್ತೆ ಯಾವುದಾದರೂ ದೀಪವು ಅರ್ಧಕಾಲ ಉರಿದು ಅರ್ಧಕಾಲ ಆರಿರುವುದು, ಆದುದರಿಂದ ಅದರ ಕೆಳಗೆ ಕುಳಿತು ಓದುವವನ ಕಣ್ಣಿಗೆ ಬೆಳಕು ಒಂದೇ ಸಮನಾಗಿ ತೋರಿ, ತನ್ನ ತಲೆಯ ಮೇಲೆ ಮಾತು ಹರಿದಾಡುತ್ತಿದೆಯೆಂಬ ಸಂದೇಹವೂ ಬಾರದು.

ಕಡ ತರುವ ಜಾಣ್ಮೆಯ ಇನ್ನೊಂದು ನಿದರ್ಶನವು ಸ್ಲೊವೇನಿಯಾದ್ದು. ಅಲ್ಲಿಯ ಇರ್ನಾಸ್ ಸಂಸ್ಥೆಯವರು ಕೊರುಜಾ ಎಂಬ ಸಾಧನವನ್ನು ರಚಿಸಿದರು. ಅವರ ಭಾಷೆಯಲ್ಲಿ ಆ ಪದಕ್ಕೆ ಮುಸುಕಿನ ಜೋಳವೆಂದರ್ಥ. ಗಾಜಿನ ನಾರಿನ ಜಾಲಗಳಿಗಾಗಿ ಅಪಾರ ಸಂಖ್ಯೆಯಲ್ಲಿ ತಯಾರಾಗಿ ಅಗ್ಗವಾಗಿರುವ, ಬೆರಳುದ್ದದ ಲೇಸರ್ ಘಟಕವನ್ನು ತಂದು, ನಾರಿನ ಬದಲು ಮಸೂರದ ಮೂಲಕ ಬಯಲಿಗೆ ಬಿಟ್ಟು, ಮಿಕ್ಕ ದೇಹವನ್ನು ತ್ರಿವಿಮ ಮುದ್ರಣಯಂತ್ರದಿಂದ ಅಚ್ಚುಹೊಯ್ದು, ನೂರು ಮೀಟರಿನ ಆಸುಪಾಸಿನ ದೂರಕ್ಕೆ ಸೆಕೆಂಡಿಗೆ ನೂರು ಕೋಟಿ ಬಿಟ್ಟುಗಳ ಹಾದಿಯನ್ನು ಅವರು ತೆರೆದರು.

ದೀಪದ ಬೆಲೆಯ ವಿಷಯದಲ್ಲಿ ನಮ್ಮ ದೇಶದ ಕಥೆಯೂ ಹೇಳತಕ್ಕದ್ದೇ ಆಗಿದೆ. ಸರಕಾರದ ಸಗಟು ಖರೀದಿಯಲ್ಲಿ ೨೦೧೪ರ ಆರಂಭಕ್ಕೆ ೩೧೦ ರೂಪಾಯಿಯಾಗಿದ್ದ ಎಲ್‌ಇಡಿ ಬಲ್ಬು, ಉಜಾಲಾ ಯೋಜನೆಯ ಭಾರಿ ಬೇಡಿಕೆಯಿಂದ ೨೦೧೬ರ ವೇಳೆಗೆ ೩೮ ರೂಪಾಯಿಗೆ ಇಳಿಯಿತು; ಕರ್ನಾಟಕದಲ್ಲಿ ಹೊಸ ಬೆಳಕು ಎಂಬ ಹೆಸರಿನಿಂದ ಆ ಬಲ್ಬುಗಳು ಮನೆಮನೆಯನ್ನು ಹೊಕ್ಕವು. ತಂತಿಯು ಕಾದು ಬೆಳಗುತ್ತಿದ್ದ ಹಳೆಯ ಬಲ್ಬು ಆರಬೇಕಾದರೆ ತಂತಿಯು ತಣಿಯಬೇಕಿತ್ತು, ಆದುದರಿಂದ ಅದಕ್ಕೆ ಚುರುಕಾದ ಮಾತು ಬಾರದು. ಎಲ್‌ಇಡಿಯಲ್ಲಿ ವಿದ್ಯುತ್ಕಣವು ಅರೆವಾಹಕದ ಸಂಧಿಯಲ್ಲಿ ಬೀಳುತ್ತಲೇ ಬೆಳಕಾಗುವುದರಿಂದ, ಅದು ಸೆಕೆಂಡಿಗೆ ಲಕ್ಷಾಂತರ ಸಲ ಹೊತ್ತಿ ಆರಬಲ್ಲುದು. ಬಿಳಿಯ ಎಲ್‌ಇಡಿಯಲ್ಲಿ ನೀಲಿಯನ್ನು ಹಳದಿಯಾಗಿಸುವ ಪ್ರತಿದೀಪಕ ಲೇಪವು ತುಸು ಸೋಮಾರಿಯಾದುದರಿಂದ, ವೇಗವನ್ನು ಬಯಸುವವರು ಕಣ್ಣಿನ ಮುಂದೆ ನೀಲಿಯ ಗಾಜನ್ನಿಟ್ಟು ಮೂಲದ ಚುರುಕುಬೆಳಕನ್ನು ಮಾತ್ರ ಆಯ್ದುಕೊಳ್ಳುತ್ತಾರೆ. ಸಂವಹನಕ್ಕೆ ಬೇಕಾದ ಆರು ಕೊಂಡಿಗಳಲ್ಲಿ ಮೊದಲನೆಯದು ಹೀಗೆ ನಮ್ಮ ಅಡುಗೆಮನೆಯ ಸೂರಿನಲ್ಲಿಯೇ ತೂಗುತ್ತಿದೆ.

ಇನ್ನು ಕೊಡವನ್ನು ಬಿಚ್ಚಿ ಕಲ್ಲನ್ನು ಕಟ್ಟುವ ಮಾತಿಗೆ ಬರೋಣ. ಎಲ್‌ಇಡಿಯು ಬೆಳಕನ್ನು ಸೂಸುವುದಷ್ಟೇ ಅಲ್ಲದೆ ಬೆಳಕನ್ನು ನೋಡಲೂ ಬಲ್ಲುದೆಂಬುದು ಬಹು ಮಂದಿ ಅರಿಯದ ಸಂಗತಿ. ಅಮೆರಿಕದ ಫಾರೆಸ್ಟ್ ಮಿಮ್ಸ್ ಎಂಬ ಸ್ವತಂತ್ರ ವಿಜ್ಞಾನಿ ಈ ಗುಣವನ್ನು ಬಹುಕಾಲದಿಂದ ಬೋಧಿಸುತ್ತ ಬಂದಿದ್ದಾನೆ. ಪ್ರತಿಯೊಂದು ಎಲ್‌ಇಡಿಯೂ ತಾನು ಸೂಸುವ ಬಣ್ಣದ ಆಸುಪಾಸಿನ, ತುಸು ಕಿರಿಯ ತರಂಗಾಂತರದ ಬೆಳಕನ್ನು ಮಾತ್ರ ಗ್ರಹಿಸುವುದರಿಂದ ಅದು ಕಣ್ಣೂ ಹೌದು, ಬಣ್ಣದ ಜರಡಿಯೂ ಹೌದು. ಈ ಗುಣವನ್ನೇ ಬಳಸಿ, ಬಗೆಬಗೆಯ ಎಲ್‌ಇಡಿಗಳನ್ನು ಸೂರ್ಯನಿಗೆ ಎದುರಾಗಿಸಿ, ವಾಯುಮಂಡಲದ ಮಬ್ಬನ್ನೂ ನೀರಾವಿಯನ್ನೂ ಅಳೆಯುವ ಅಗ್ಗದ ಸೂರ್ಯಮಾಪಕಗಳನ್ನು ಅವನು ಕಟ್ಟಿ, ೧೯೯೦ರಿಂದ ಟೆಕ್ಸಸ್ ಪ್ರಾಂತದ ತನ್ನ ಹೊಲದಂಚಿನಲ್ಲಿ ಆಕಾಶದ ದಿನಚರಿಯನ್ನು ಬರೆಯುತ್ತ ಬಂದನು. ೨೦೦೩ರಲ್ಲಿ ಮಿತ್ಸುಬಿಷಿ ಸಂಸ್ಥೆಯ ಅಮೆರಿಕದ ಪ್ರಯೋಗಶಾಲೆಯ ಡೀಟ್ಜ್, ಯೆರಾಜುನಿಸ್, ಲೀ ಎಂಬ ಮೂವರು, ಒಂದೇ ಎಲ್‌ಇಡಿಯಿಂದ ಎರಡೂ ಕೆಲಸವನ್ನು ಮಾಡಿಸುವ ಸರಳೋಪಾಯವನ್ನು ವರ್ಣಿಸಿದರು. ಎಲ್‌ಇಡಿಗೆ ವಿದ್ಯುತ್ತನ್ನು ತಿರುಗುಮುರುಗಾಗಿ ಕ್ಷಣಕಾಲ ಊಡಿ ಕೈಬಿಟ್ಟರೆ, ಕಿರುಗಿಂಡಿಯಲ್ಲಿ ತುಂಬಿದ ನೀರಿನಂತೆ ಆ ವಿದ್ಯುತ್ತು ಅದರೊಳಗೆ ನಿಲ್ಲುವುದು. ಮೇಲೆ ಬೀಳುವ ಬೆಳಕು ಹೆಚ್ಚಾದಷ್ಟೂ ಗಿಂಡಿ ಬೇಗನೆ ಸೋರುವುದು. ಸೋರಲು ಹಿಡಿದ ಕಾಲವನ್ನು ಅಗ್ಗದ ಕಿರುಗಣಕವೊಂದು ಎಣಿಸಿದರೆ, ವರ್ಧಕದ ಹಂಗಿಲ್ಲದೆ ಬೆಳಕಿನ ಅಳತೆ ದೊರೆಯುವುದು. ಎರಡು ಎಲ್‌ಇಡಿಗಳನ್ನು ಎದುರೆದುರಾಗಿ ಹಿಡಿದರೆ ಅವು ಸರದಿಯಂತೆ ನುಡಿದು ಸರದಿಯಂತೆ ಆಲಿಸುತ್ತ ಸಂಭಾಷಿಸಬಲ್ಲವು.

ಕೊರೋನಾ ಕಾಲದಲ್ಲಿ ಮನೆಮನೆಯಲ್ಲಿಯೂ ಬೆರಳಿಗೆ ಸಿಕ್ಕಿಸಿಕೊಂಡ ಆಕ್ಸಿಮೀಟರು ಇದೇ ಸರಪಣಿಯ ಬೇರೊಂದು ಜೋಡಣೆ. ಜಪಾನಿನ ತಾಕುಒ ಅಒಯಾಗಿ ೧೯೭೦ರ ದಶಕದಲ್ಲಿ ಕಂಡುಕೊಂಡ ತತ್ತ್ವದಂತೆ, ೬೬೦ ನ್ಯಾನೋಮೀಟರಿನ ಕೆಂಪು, ೯೪೦ ನ್ಯಾನೋಮೀಟರಿನ ಅವಕೆಂಪು ಎಂಬ ಎರಡು ದೀಪಗಳು ಸರದಿಯಂತೆ ಮಿಡಿದು ಬೆರಳನ್ನು ತೂರಿ ಕಣ್ಣನ್ನು ಸೇರುತ್ತವೆ. ಎದೆಯ ಬಡಿತದೊಡನೆ ಏರಿಳಿಯುವ ಅತ್ಯಲ್ಪಾಂಶವನ್ನು ಮಾತ್ರ ಆಯ್ದು, ಎರಡು ಬಣ್ಣಗಳಲ್ಲಿ ಅದು ಎಷ್ಟೆಷ್ಟು ಏರಿಳಿಯಿತೆಂದು ಹೋಲಿಸಿದರೆ, ರಕ್ತದಲ್ಲಿ ಆಮ್ಲಜನಕವೆಷ್ಟೆಂಬುದು ತಿಳಿಯುವುದು. ಎರಡನೆಯ ದೀಪದ ಬಣ್ಣವು ನಮ್ಮ ರಿಮೋಟಿನ ಬಣ್ಣವೇ. ಇನ್ನು, ಕಾಳುಮೆಣಸಿನಷ್ಟು ಗಾತ್ರದ ದೂರಮಾಪಕ ಘಟಕಗಳು ಅವಕೆಂಪಿನ ಮಿಡಿತವೊಂದನ್ನು ಕಳುಹಿ, ಎದುರಿನ ವಸ್ತುವಿನಿಂದ ಅದು ಮರಳಿ ಬರಲು ಹಿಡಿದ ಕಾಲವನ್ನು ಎಣಿಸಿ, ಎರಡು ಮೀಟರಿನೊಳಗಿನ ಅಂತರವನ್ನು ಹೇಳುತ್ತವೆ. ಬೆಳಕು ಒಂದು ನ್ಯಾನೋಸೆಕೆಂಡಿನಲ್ಲಿ ಮೂವತ್ತು ಸೆಂಟಿಮೀಟರ್ ನಡೆಯುವುದರಿಂದ, ಒಂದು ಸೆಂಟಿಮೀಟರಿನ ಭೇದವನ್ನು ಗುರುತಿಸಲು ಆ ನ್ಯಾನೋಸೆಕೆಂಡನ್ನೇ ಹದಿನೈದು ಚೂರುಮಾಡಬೇಕು. ಹಿಂದೆ ದೊಡ್ಡ ಪ್ರಯೋಗಶಾಲೆಗಳ ಸೊತ್ತಾಗಿದ್ದ ಈ ಸೂಕ್ಷ್ಮಗಣನೆಯು ಇಂದು ಫೋನಿನ ಬೆನ್ನಿನಲ್ಲಿ ಕುಳಿತಿದೆ.

ಇವನ್ನೆಲ್ಲ ಒಟ್ಟಿಗೆ ನೋಡಿದಾಗ ಒಂದು ಮಾತು ಸ್ಪಷ್ಟವಾಗುತ್ತದೆ. ವಾರ್ತೆಯನ್ನು ಕಳುಹುವವನು ತಾನು ಕಳುಹಿದುದನ್ನು ಬಲ್ಲನು, ನಡುವಣ ಹಾದಿಯ ಚೇಷ್ಟೆಗಳನ್ನು ಶಪಿಸುವನು: ಮಬ್ಬು ಕವಿಯಿತು, ಯಾರೋ ಅಡ್ಡ ನಡೆದರು, ಕಂಬ ಅಲ್ಲಾಡಿತು, ಬೆಳಕು ಕ್ಷೀಣಿಸಿತು. ಸಂವೇದನೆಯನ್ನು ಬಯಸುವವನಿಗಾದರೋ ಆ ಚೇಷ್ಟೆಗಳೇ ಬೇಕಾದ ವಾರ್ತೆ: ಮಬ್ಬು ಎಷ್ಟು, ಅಡ್ಡ ನಡೆದವರು ಯಾರು, ಕಂಬ ಎಷ್ಟು ಅಲ್ಲಾಡಿತು. ಒಬ್ಬನ ಗದ್ದಲವು ಇನ್ನೊಬ್ಬನ ಸುದ್ದಿ. ಇಡಿಯಾಗಿ ಮುದ್ರೆಯೊತ್ತಿ ಮುಚ್ಚಿದ ದುಬಾರಿ ಯಂತ್ರವು ಗದ್ದಲವನ್ನು ಒಳಗೊಳಗೇ ಸೋಸಿ ಚೆಲ್ಲಿ, ಕೊಂಡವನಿಗೆ ಶುದ್ಧವಾರ್ತೆಯನ್ನು ಮಾತ್ರ ಒಪ್ಪಿಸುವುದು. ಬಿಡಿಬಿಡಿಯಾಗಿ ಜೋಡಿಸಿದ ಅಗ್ಗದ ಯಂತ್ರದಲ್ಲಿಯಾದರೆ ಜರಡಿಯನ್ನು ಕಳಚಿ, ಚೆಲ್ಲಿದುದರಲ್ಲಿ ಏನಿದೆಯೆಂದು ನೋಡುವ ಅಧಿಕಾರವು ಬಳಸುವವನಿಗುಂಟು. ಬಿಡಿಜೋಡಣೆಯು ಹಣವನ್ನು ಉಳಿಸುವುದೊಂದು ಲಾಭ. ಹೊಸ ಪ್ರಶ್ನೆಯನ್ನು ಕೇಳಲು ಎಡೆಗೊಡುವುದು ಅದಕ್ಕಿಂತ ದೊಡ್ಡ ಲಾಭ.

ಈ ವಿದ್ಯೆಗೆ ಮಿತಿಗಳಿಲ್ಲವೆಂದಲ್ಲ. ದಟ್ಟವಾದ ಮಂಜಿನ ಹನಿಗಳು ಬೆಳಕಿನ ತರಂಗಾಂತರಕ್ಕೆ ಸಮೀಪದ ಗಾತ್ರದವಾದುದರಿಂದ, ರೇಡಿಯೋ ಅಲೆಯು ನಿರಾಯಾಸವಾಗಿ ದಾಟುವ ಮಂಜನ್ನು ಬೆಳಕಿನ ದಂಡವು ದಾಟಲಾರದು. ಜಡಿಮಳೆಗಿಂತಲೂ ಮಂಜೇ ಅದಕ್ಕೆ ಹೆಚ್ಚು ಪ್ರತಿಕೂಲ. ಗೋಡೆಯನ್ನು ದಾಟದಿರುವುದು ದೋಷವೆಂದರೆ ದೋಷ, ಗುಟ್ಟು ಹೊರಗೆ ಹೋಗದಿರುವುದರಿಂದ ಗುಣವೆಂದರೆ ಗುಣ. ಲೇಸರಿನ ವಿಷಯದಲ್ಲಂತೂ ಎಚ್ಚರ ಅಗತ್ಯ: ಕಣ್ಣಿಗೆ ಕಾಣುವ ತೀಕ್ಷ್ಣ ಬೆಳಕಿಗೆ ರೆಪ್ಪೆಯು ತಾನೇ ಮುಚ್ಚಿಕೊಳ್ಳುವುದು, ಅವಕೆಂಪಿಗಾದರೆ ಮುಚ್ಚಿಕೊಳ್ಳದು; ಆದುದರಿಂದ ಹೊಸಬರು ಲೇಸರನ್ನು ಬಿಟ್ಟು ಎಲ್‌ಇಡಿಯಿಂದ ಮೊದಲುಮಾಡುವುದೇ ಲೇಸು. ಕಾಂಗೋ ನದಿಯ ಎರಡು ದಡಗಳಲ್ಲಿರುವ ಬ್ರಾಜವಿಲ್ ಮತ್ತು ಕಿನ್ಶಾಸಾ ನಗರಗಳ ನಡುವೆ, ಐ‌ದು ಕಿಲೋಮೀಟರಿಗೆ ಸಮೀಪದ ದೂರದಲ್ಲಿ, ೨೦೨೧ರಲ್ಲಿ ಟಾರಾ ಎಂಬ ಯೋಜನೆಯವರು ಬೆಳಕಿನ ದಂಡದಿಂದ ಇಪ್ಪತ್ತು ದಿನಗಳಲ್ಲಿ ೭೦೦ ಟೆರಾಬೈಟ್ ಸಾಗಿಸಿದುದು ತಾನಾಗಿ ತಿರುಗುವ ದರ್ಪಣಗಳ ಬಲದಿಂದ. ಮ್ಯಾಡ್ರಿಡ್ಡಿನ ಹಲಗೆಯಾಗಲಿ ಚೆಕ್ ದೇಶದ ಕೊಳವೆಯಾಗಲಿ ಆ ನದಿಯನ್ನು ದಾಟುವುದಿಲ್ಲ. ಆದರೆ ನದಿಯನ್ನು ದಾಟಿಸುವವರು ಮೊದಲು ಮೇಜಿನ ಅಗಲವನ್ನು ದಾಟಿಸಿ ಕಲಿಯಬೇಕಷ್ಟೆ.

ಆ ಮೇಜಿನ ಪಾಠಕ್ಕೆ ಬೇಕಾದುದು ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಯಾವ ಬಿಡಿಭಾಗದ ಪೇಟೆಯಲ್ಲಿಯೂ ದೊರೆಯುವುದು: ಒಂದು ಎಲ್‌ಇಡಿ, ಒಂದು ರೆಸಿಸ್ಟರು, ಬೆರಳೆರಡರಗಲದ ಸೌರಫಲಕ, ಸ್ಪೀಕರು ಕೂಡಿದ ಒಂದು ಕಿರುವರ್ಧಕ. ಹಾಡುವ ಯಂತ್ರದ ತಂತಿಯಿಂದ ಬರುವ ಸಂಜ್ಞೆಯನ್ನು ಎಲ್‌ಇಡಿಯ ವಿದ್ಯುತ್ತಿನೊಡನೆ ಬೆರೆಸಿ, ಎದುರಿಗೆ ಸೌರಫಲಕವನ್ನು ವರ್ಧಕಕ್ಕೆ ಜೋಡಿಸಿ ಹಿಡಿದರೆ, ತಂತಿಯ ಸಂಬಂಧವಿಲ್ಲದೆ ಹಾಡು ಮೇಜನ್ನು ದಾಟಿ ಬರುವುದು. ಆದರೆ ಹಾಡಿಗಿಂತ ಮೊದಲೇ ಸ್ಪೀಕರಿನಲ್ಲಿ ಒಂದು ಗುಂಯ್‌ಗುಡುವ ನಾದ ಕೇಳಿಸಬಹುದು. ಅದು ಕೋಣೆಯ ವಿದ್ಯುದ್ದೀಪದ ದನಿ. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ ಐವತ್ತು ಸುತ್ತು ಹಾಕಿ, ಪ್ರತಿ ಸುತ್ತಿನಲ್ಲಿ ಎರಡು ಸಲ ದಿಕ್ಕು ಬದಲಿಸುವುದರಿಂದ ದೀಪವು ನೂರು ಸಲ ಮಿಡಿಯುತ್ತಲೇ ಇತ್ತು; ಅದನ್ನು ಕೇಳಲು ಇದುವರೆಗೆ ನಮಗೆ ಕಿವಿಯಿರಲಿಲ್ಲ. ದೀಪವನ್ನು ಆರಿಸಿದರೆ ಹಾಡು ನಿಚ್ಚಳವಾಗುವುದು. ಆಮೇಲೆ ಮಕ್ಕಳಲ್ಲೊಬ್ಬರು ಕುತೂಹಲದಿಂದ ಬೆಳಕಿಗೆ ಅಡ್ಡವಾಗಿ ಬಾಚಣಿಗೆಯೊಂದನ್ನು ಎಳೆದರೆ, ಹಾಡು ಕತ್ತರಿಸಿ, ಅದರ ಸ್ಥಾನದಲ್ಲಿ ಹಲ್ಲುಗಳ ಲೆಕ್ಕಕ್ಕೆ ಸರಿಯಾದ ಕಿರುಸದ್ದೊಂದು ಹೊರಡುವುದು. ಬೇಗ ಎಳೆದರೆ ತಾರ, ಮೆಲ್ಲನೆಳೆದರೆ ಮಂದ್ರ. ಹಾಡನ್ನು ಕೇಳಲು ಕುಳಿತವರು ತೆಗೆ ಬಾಚಣಿಗೆಯನ್ನೆಂದು ಗದರಬಹುದು. ಗದರದೆ, ಕೈಯ ವೇಗವನ್ನು ಆ ಸದ್ದಿನಿಂದ ಅಳೆಯಬಹುದಲ್ಲವೆ ಎಂದು ಕೇಳುವ ಮಗುವೊಂದು ಆ ಗುಂಪಿನಲ್ಲಿದ್ದರೆ, ಮೇಜಿನ ಮೇಲಿನ ನಾಲ್ಕು ಬಿಡಿಭಾಗಗಳನ್ನು ಅದರ ಕೈಗೇ ಬಿಟ್ಟು ಹಿರಿಯರು ಎದ್ದುಹೋಗುವುದು ಒಳ್ಳೆಯದು.